ಓರಗಿತ್ತಿಯ ಮನೆಗೆ ಸೀರಿಯಲ್‌ನವರು ಬಂದ ಬೇಸಿಗೆ

ಆ ಬೇಸಿಗೆಗೆ ಮೊದಲು ಓರಗಿತ್ತಿಯ ಮನೆಯ ಬಗ್ಗೆ ನನಗೆ ಹೊಟ್ಟೆಕಿಚ್ಚು ಇರಲಿಲ್ಲ. ಇದನ್ನು ಪ್ರಮಾಣ ಮಾಡಿ ಹೇಳಬಲ್ಲೆ. ಇದ್ದದ್ದು ಕನಿಕರ.

ಕೊಪ್ಪ ಪೇಟೆಯ ನಮ್ಮ ಹಳೆಯ ಮನೆ ಹಿಸ್ಸೆಯಾದಾಗ ರಸ್ತೆ ಕಡೆಯ ಮುಂಭಾಗ ಮೈದುನನಿಗೆ ಹೋಯಿತು. ಮರದ ಕಂಬಗಳ ದೊಡ್ಡ ಜಗುಲಿ, ಅದರ ಹಿಂದೆ ಕತ್ತಲೆ ಕತ್ತಲೆಯ ಪಡಸಾಲೆ, ಮೇಲೆ ನಡೆದರೆ ಕಿರ್ ಎನ್ನುವ ಹಲಗೆಯ ಉಪ್ಪರಿಗೆ. ಹಿಂಭಾಗದ ಅಡುಗೆಮನೆ, ಬಚ್ಚಲು, ಬಾವಿ, ಹಿತ್ತಲು ನಮ್ಮ ಪಾಲಿಗೆ ಬಂತು. ನಾವು ಪಕ್ಕದ ಓಣಿಗೆ ಬಾಗಿಲು ಇಟ್ಟುಕೊಂಡೆವು. ನಡುವೆ ಇಟ್ಟಿಗೆ ಗೋಡೆ ಎದ್ದಿತು. ಅತ್ತೆ ನಮ್ಮ ಜೊತೆ ಇದ್ದರೂ ಎರಡೂ ಕಡೆ ಓಡಾಡಲಿ ಎಂದು ಗೋಡೆಯಲ್ಲೊಂದು ಬಾಗಿಲು ಬಿಟ್ಟಿದ್ದರು. ಅವರ ಕಡೆಯವರು ಪಡಸಾಲೆಯ ಒಂದು ಮೂಲೆಯನ್ನೇ ಅಡುಗೆಮನೆ ಮಾಡಿಕೊಂಡರು, ಅಂಗಳದ ಬದಿಗೆ ತಗಡು ಹೊದಿಸಿದ ಒಂದು ಬಚ್ಚಲು ಕಟ್ಟಿಸಿದರು. ನೀರಿಗೆ ಪಂಚಾಯ್ತಿ ನಲ್ಲಿಯೇ ಗತಿ.

ಹೀಗಾಗಿ ಒಳ್ಳೆಯ ಪಾಲು ನಮ್ಮದೇ ಎಂದು ನಾನು ನೆಮ್ಮದಿಯಾಗಿದ್ದೆ. ಹಳೆ ಕಂಬ ನೋಡಿದರೆ ಹೊಟ್ಟೆ ತುಂಬುತ್ತದೆಯೇ? ಬಾವಿಯಲ್ಲಿ ನೀರಿದೆ, ಹಿತ್ತಲಲ್ಲಿ ಬಿಸಿಲಿದೆ. ನನ್ನ ಕೆಲಸಕ್ಕೆ ಬೇಕಾದದ್ದೂ ಅವೆರಡೇ. ಪ್ರತಿ ಬೇಸಿಗೆ ನಾನು ಹಲಸಿನಕಾಯಿ ಹಪ್ಪಳ ಮಾಡಿ ಶೃಂಗೇರಿಯ ಅಂಗಡಿಗಳಿಗೆ ಕೊಡುತ್ತಿದ್ದೆ. ದೇವಸ್ಥಾನಕ್ಕೆ ಬಂದವರು ಕಟ್ಟುಗಟ್ಟಲೆ ಕೊಂಡುಹೋಗುತ್ತಿದ್ದರು. ಕಾಯಿ ನನ್ನ ತವರು ಸೀತೂರಿನಿಂದ ಬರುತ್ತಿತ್ತು. ಅಣ್ಣ ಗೋಣಿಚೀಲಕ್ಕೆ ತುಂಬಿ ಬಸ್ಸಿನ ಟಾಪಿಗೆ ಹಾಕಿ ಕಳಿಸುತ್ತಿದ್ದ. ಯಜಮಾನರು ಬಸ್ ಸ್ಟ್ಯಾಂಡಿನ ಬಳಿಯ ತಮ್ಮ ಪಾತ್ರೆ ಅಂಗಡಿಯಿಂದಲೇ ಇಳಿಸಿಕೊಂಡು ಬರುತ್ತಿದ್ದರು.

ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿರಬಹುದು. ಒಂದು ಮಧ್ಯಾಹ್ನ ಕೊತ್ತಂಬರಿ ಸೊಪ್ಪು ತರಲು ಓಣಿಯಿಂದ ರಸ್ತೆಗೆ ಬಂದೆ. ಕತ್ತಿಗೆ ಕ್ಯಾಮೆರಾ ನೇತುಹಾಕಿಕೊಂಡ ಒಬ್ಬ ಮೈದುನನ ಅಂಗಳದಲ್ಲಿ ನಿಂತು ಜಗುಲಿಯ ಫೋಟೋ ತೆಗೆಯುತ್ತಿದ್ದ. ಓರಗಿತ್ತಿ ಬಾಗಿಲಲ್ಲಿ ಸೆರಗು ಸುತ್ತಿಕೊಂಡು ನಿಂತಿದ್ದಳು. ನಾನು ಏನೆಂದು ಕೇಳಲು ಮೆಟ್ಟಿಲು ಹತ್ತಿದೆ. ಫೋಟೋ ಅಂದಮೇಲೆ ಕೈ ತಾನಾಗಿಯೇ ತಲೆಗೂದಲಿನ ಮೇಲೆ ಹೋಯಿತು.

"ಅಮ್ಮಾ, ನೀವು ಸ್ವಲ್ಪ ಆ ಕಡೆ ಹೋಗ್ತೀರಾ? ಕಂಬಕ್ಕೆ ಅಡ್ಡ ಆಗ್ತಿದೆ," ಅಂದ ಅವನು.

ನಾನು ಕಂಬಕ್ಕೆ ಅಡ್ಡವಾಗಿದ್ದೆ. ಸರಿದು ನಿಂತೆ. ಅವನು ಮತ್ತೆರಡು ಫೋಟೋ ತೆಗೆದು, ತಾನೊಂದು ಟಿವಿ ಸೀರಿಯಲ್ಲಿನ ಮ್ಯಾನೇಜರ್ ಎಂದೂ, ಕಥೆಯ ನಾಯಕಿಯ ತವರುಮನೆಗೆ ಇಂಥದೇ ಜಗುಲಿ ಹುಡುಕುತ್ತ ತೀರ್ಥಹಳ್ಳಿಯಿಂದ ಎನ್.ಆರ್.ಪುರದವರೆಗೆ ಸುತ್ತಿ ಸಾಕಾಗಿದೆ ಎಂದೂ ಹೇಳಿದ. "ಇಂಥ ಮನೆ ಎಲ್ಲೂ ಸಿಗ್ಲಿಲ್ಲ ಮೇಡಂ," ಎಂದು ಅವಳಿಗೆ ಹೇಳಿದ. ನನಗೆ ಅಮ್ಮ, ಅವಳಿಗೆ ಮೇಡಂ. ನಮ್ಮಿಬ್ಬರ ನಡುವಿನ ವಯಸ್ಸಿನ ಅಂತರ ಬರೀ ನಾಲ್ಕು ವರ್ಷ.

"ಹಿಂದುಗಡೆ ನಮ್ಮದೂ ಇದೆ. ಬಾವಿ ಇದೆ, ಹಿತ್ತಲಿದೆ," ಎಂದೆ. ಯಾಕೆ ಹೇಳಿದೆನೋ ಗೊತ್ತಿಲ್ಲ, ಬಾಯಿಂದ ಬಂದುಬಿಟ್ಟಿತು. ಅವನು ಮರ್ಯಾದೆಗೆ ಬಂದು ನೋಡಿದ. ನಾವು ಆಸೆಪಟ್ಟು ಹಾಕಿಸಿದ್ದ ಬಚ್ಚಲಿನ ಆರ್‌ಸಿಸಿ ತಾರಸಿ, ಅಡುಗೆಮನೆಯ ಬಿಳಿ ಟೈಲ್ಸು, ಬಾವಿಯ ಪಂಪು ಎಲ್ಲದರ ಮೇಲೂ ಒಮ್ಮೆ ಕಣ್ಣಾಡಿಸಿದ. "ಇದು ತುಂಬ ಮಾಡರ್ನ್ ಆಯ್ತಮ್ಮ," ಎಂದು ಚಪ್ಪಲಿ ಮೆಟ್ಟಿಕೊಂಡ.

ಕನಿಕರ ಅಲ್ಲಿಗೆ ಮುಗಿಯಿತು.

ವಾರ ಕಳೆಯುವುದರೊಳಗೆ ವ್ಯಾನುಗಳು ಬಂದವು. ರಸ್ತೆಯ ಆ ತುದಿಯಿಂದ ಈ ತುದಿವರೆಗೆ ಜನ. ಜನರೇಟರ್ ಲಾರಿ ನಿಲ್ಲಲು ಬೇರೆ ಜಾಗ ಇಲ್ಲದೆ ನಮ್ಮ ಓಣಿಯ ಬಾಯಲ್ಲೇ ನಿಂತಿತು. ಕೈತೋಳಿನ ದಪ್ಪದ ಕೇಬಲ್ಲುಗಳು ನಮ್ಮ ಬಾಗಿಲ ಮುಂದೆ ಮಲಗಿದವು. ಅತ್ತೆ ಅವನ್ನು ಹಾವು ದಾಟುವ ಹಾಗೆ ಸೀರೆ ಎತ್ತಿಕೊಂಡು ದಾಟುತ್ತಿದ್ದರು. ಹಾಲಿನವನು ಓಣಿಯೊಳಗೆ ಬರುವುದನ್ನು ಬಿಟ್ಟ. ತರಕಾರಿಯವಳು ರಸ್ತೆಯಲ್ಲೇ ಬುಟ್ಟಿ ಇಳಿಸಿ ಶೂಟಿಂಗ್ ನೋಡುತ್ತ ನಿಲ್ಲುತ್ತಿದ್ದಳು. ಒಂದು ದಿನ ನಾನೇ ಹೋಗಿ ಬೀನ್ಸ್ ಆರಿಸುತ್ತಿದ್ದರೆ, "ನೀವು ಸೀರಿಯಲ್ ಮನೆಯವ್ರ ಹಿಂದಿನವ್ರಲ್ವಾ?" ಎಂದು ಕೇಳಿದಳು. ಹದಿನೆಂಟು ವರ್ಷದ ಹಿಂದೆ ಆ ಮನೆಗೆ ಮೊದಲ ಸೊಸೆಯಾಗಿ ಬಂದವಳು ನಾನು. ಈಗ ಹಿಂದಿನವಳಾದೆ.

ನಿಜವಾದ ತಾಪತ್ರಯ ಸದ್ದಿನದು. ಮಾತುಗಳನ್ನು ಅಲ್ಲೇ ರೆಕಾರ್ಡ್ ಮಾಡುತ್ತಾರಂತೆ. ಆ ಕಡೆಯಿಂದ "ಸೈಲೆನ್ಸ್!" ಎಂಬ ಕೂಗು ಬಂದರೆ ನಮ್ಮ ಹಿತ್ತಲೂ ಉಸಿರು ಬಿಗಿಹಿಡಿಯಬೇಕು. ಕುಕ್ಕರ್ ಇಡುವಂತಿಲ್ಲ, ಪಂಪ್ ಹಾಕುವಂತಿಲ್ಲ. ಹಪ್ಪಳಕ್ಕೆ ಹಲಸಿನ ತೊಳೆ ಬೇಯಿಸಿ, ಹಬೆಯಾಡುವಾಗಲೇ ಒರಳಿಗೆ ಹಾಕಿ ಕುಟ್ಟಬೇಕು. ಆರಿದರೆ ಹಿಟ್ಟು ಅಂಟು ಬರುವುದಿಲ್ಲ, ಒತ್ತಿದರೆ ಅಂಚು ಒಡೆಯುತ್ತದೆ. ನಾನು ಒನಕೆ ಎತ್ತಿ ನಾಲ್ಕು ಪೆಟ್ಟು ಹಾಕುವಷ್ಟರಲ್ಲಿ ಒಬ್ಬ ಓಡಿಬಂದು ಓಣಿಯ ಬಾಗಿಲಲ್ಲಿ ಕೈಮುಗಿದು ನಿಲ್ಲುತ್ತಿದ್ದ.

"ಅಮ್ಮಾ, ಪ್ಲೀಸ್. ಹೀರೋಯಿನ್ ಅಳೋ ಸೀನು. ಧಬ್ ಧಬ್ ಅಂತ ಬರ್ತಿದೆ."

"ಅವ್ರು ಎಷ್ಟೊತ್ತು ಅಳ್ತಾರೆ?"

"ಒಂದೈದು ನಿಮಿಷ."

ಆ ಐದು ನಿಮಿಷ ಮುಗಿಯುತ್ತಲೇ ಇರಲಿಲ್ಲ. ನಾಯಕಿ ಅತ್ತು, ಸರಿಹೋಗದೆ ಮತ್ತೆ ಅತ್ತು, ಮುಖ ತೊಳೆದು ಬಂದು ಇನ್ನೊಮ್ಮೆ ಅಳುವಷ್ಟರಲ್ಲಿ ನನ್ನ ತೊಳೆ ಒರಳಿನಲ್ಲಿ ತಣ್ಣಗಾಗಿ ಕೂತಿರುತ್ತಿತ್ತು. ಮೊದಲ ದಿನದ ಹಿಟ್ಟನ್ನು ಎಮ್ಮೆ ಇದ್ದವರ ಮನೆಗೆ ಕೊಟ್ಟೆ.

ಯಜಮಾನರ ಹತ್ತಿರ ಹೇಳಿದರೆ, "ನಾಲ್ಕು ದಿನ ಸುಧಾರಿಸು ಮಾರಾಯ್ತಿ. ತಮ್ಮನ ಮನೆಗೆ ಒಂದು ಹೆಸರು ಬರ್ತದೆ ಅಂದ್ರೆ ನಮಗೂ ಬಂದ ಹಾಗೇ ಅಲ್ವಾ?" ಅಂದರು. ಅವರಿಗೆ ಹಾಗೆ ಅನ್ನಿಸಿದ್ದು ನಿಜವಿರಬೇಕು. ಮದುವೆ ಸೀನಿಗೆಂದು ಅಂಗಡಿಯ ಹಿತ್ತಾಳೆ ದೀಪ, ಹರಿವಾಣ, ದೊಡ್ಡ ಚೊಂಬು ಎಲ್ಲವನ್ನೂ ತಾವೇ ಒರೆಸಿ ಹೊತ್ತುಕೊಂಡು ಹೋಗಿ ಕೊಟ್ಟರು. ವಾಪಸ್ ಬಂದು, "ಡೈರೆಕ್ಟರ್ ನನ್ನ ಹತ್ರ ಕೈ ಕುಲುಕಿದ್ರು," ಎಂದು ಊಟಕ್ಕೆ ಕೂತಾಗಲೂ ಬಲಗೈ ನೋಡಿಕೊಂಡರು.

ಮಗಳಿಗೆ ಪಿಯುಸಿ ಪರೀಕ್ಷೆ ಮುಗಿದಿತ್ತು. ಅವಳು ಬೆಳಿಗ್ಗೆ ತಿಂಡಿ ತಿಂದು ಆ ಕಡೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದಳು. ಬಂದವಳ ಬಾಯಲ್ಲಿ ಅಲ್ಲಿಯದೇ ಸುದ್ದಿ. ನಾಯಕಿ ಎಷ್ಟು ತೆಳ್ಳಗಿದ್ದಾಳೆ, ಅವಳು ಹೇಗೆ ನಗುತ್ತಾಳೆ, ಚಿಕ್ಕಮ್ಮ ಈಗ ದಿನಾ ಗಂಜಿ ಹಾಕಿದ ಸೀರೆ ಉಡುತ್ತಾರೆ. ಒಂದು ಸಂಜೆ ಅವಳು ಹೊಸ ಸುದ್ದಿ ತಂದಳು.

"ಅಮ್ಮಾ, ಹೀರೋಯಿನ್ ಚಿಕ್ಕಮ್ಮನ ಉಪ್ಪಿನಕಾಯಿ ತಿಂದು ಹುಚ್ಚೇ ಹಿಡಿಸ್ಕೊಂಡಿದಾರೆ. ಬೆಂಗಳೂರಿಗೆ ಒಂದು ಬಾಟ್ಲಿ ಬೇಕೇಬೇಕಂತೆ. 'ಆಂಟಿ ಕೈರುಚಿ ಅಂದ್ರೆ ಕೈರುಚಿ' ಅಂತ ಎಲ್ಲರ ಮುಂದೆ ಹೇಳಿದ್ರು."

"ಯಾವ ಉಪ್ಪಿನಕಾಯಿ?"

"ಅಪ್ಪೆಮಿಡಿದು."

ಓರಗಿತ್ತಿ ಹುಟ್ಟಿದಾಗಿನಿಂದ ಮಾವಿನಮಿಡಿ ಉಪ್ಪಿನಕಾಯಿ ಹಾಕಿದವಳಲ್ಲ. ಅವಳ ಕೈಗೆ ಖಾರ ತಾಗಿದರೆ ಬೊಕ್ಕೆ ಏಳುತ್ತದೆ. ಮಿಡಿ ಆರಿಸಿ, ಸೊನೆ ಕೆಡದ ಹಾಗೆ ಉಪ್ಪಿಗೆ ಹಾಕಿ, ಸಾಸಿವೆ ಅರೆದು, ಜಾಡಿಗೆ ಬಟ್ಟೆ ಕಟ್ಟುವವಳು ನಾನು. ಪ್ರತಿವರ್ಷ ಅತ್ತೆಯ ಮೂಲಕ ಒಂದು ಭರಣಿ ಆ ಕಡೆ ಹೋಗುತ್ತಿತ್ತು. ನನ್ನ ಭರಣಿಯಿಂದ ತೆಗೆದ ಮಿಡಿ ಬಡಿಸಿ ಅವಳು ಕೈರುಚಿಯ ಆಂಟಿ ಆಗಿದ್ದಳು.

ನಾನು ಎದ್ದುಹೋಗಿ ನಡುವಿನ ಬಾಗಿಲಿಗೆ ಚಿಲಕ ಹಾಕಿದೆ.

"ಯಾಕೆ ಹಾಕ್ದೆ?" ಎಂದು ಅತ್ತೆ ಕೇಳಿದರು.

"ಧೂಳು ಬರ್ತದೆ ಅತ್ತೆ. ಹಪ್ಪಳಕ್ಕೆ ಕೂರ್ತದೆ."

ಅತ್ತೆ ನನ್ನ ಮುಖ ನೋಡಿದರು, ಮತ್ತೆ ಕೇಳಲಿಲ್ಲ. ಎಲ್ಲ ಗೊತ್ತಿದ್ದೂ ಕೇಳದೆ ಇರುವುದು ಅವರ ಕ್ರಮ. ನನಗೆ ಮಾತ್ರ ಕೇಳಿದ್ದರೇ ಚೆನ್ನಾಗಿತ್ತು ಅನ್ನಿಸಿತು. ಒಂದು ಸಲ ಗಟ್ಟಿಯಾಗಿ ಹೇಳಿಕೊಂಡಿದ್ದರೆ ಆ ಉರಿ ಸ್ವಲ್ಪ ಇಳಿಯುತ್ತಿತ್ತೇನೋ.

ಮದುವೆ ಸೀನಿನ ದಿನ ನನ್ನನ್ನು ಸರಿಯಾಗಿ ಬೇಯಿಸಿದರು. ಊರಿನ ಹೆಂಗಸರು ಬೇಕು ಎಂದು ಮ್ಯಾನೇಜರ್ ಮನೆಮನೆಗೆ ಹೇಳಿ ಹೋಗಿದ್ದ. ಎದುರುಮನೆಯವರು, ಮೂಲೆಮನೆಯವರು, ಮಾತಾಡಿದರೆ ತಲೆನೋವು ಬರುತ್ತದೆ ಎನ್ನುವ ಟೀಚರು, ಎಲ್ಲರೂ ಮಲ್ಲಿಗೆ ಮುಡಿದು ಹೊರಟರು. ಮಗಳು ನನ್ನ ಮದುವೆಯ ಕುಂಕುಮ ಬಣ್ಣದ ರೇಷ್ಮೆಸೀರೆ ಕೇಳಿದಳು. ಕೊಟ್ಟೆ. ನೆರಿಗೆ ನಾನೇ ಹಿಡಿದು ಪಿನ್ ಹಾಕಿದೆ. ಆಮೇಲೆ ಅತ್ತೆಯನ್ನೂ ಕರೆಯಲು ಬಂದರು. ಮಂಟಪದ ಹತ್ತಿರ ಕೂರಲು ಒಬ್ಬ ಅಜ್ಜಿ ಬೇಕಂತೆ. ಅತ್ತೆ ಬೇಡ ಬೇಡ ಎನ್ನುತ್ತಲೇ ಕನ್ನಡಿ ನೋಡಿಕೊಂಡರು. ಮೈದುನನೇ ಬಂದು ತಾಯಿಯ ಕೈಹಿಡಿದು ಓಣಿ ಸುತ್ತಿಸಿ ಕರೆದುಕೊಂಡು ಹೋದ. ನನ್ನನ್ನು ನೋಡಿ, "ಅತ್ತಿಗೆ, ನೀವು?" ಎಂದ. ಬಾಗಿಲಲ್ಲಿ ನಿಂತೇ ಕೇಳಿದ.

"ನಂಗೆ ಎಲ್ಲಿ ಪುರ್ಸೊತ್ತು?" ಎಂದೆ.

"ಹೌದಪ್ಪ, ನಿಮಗೆ ಕೆಲ್ಸ ಜಾಸ್ತಿ," ಎಂದು ಅವನು ಅದನ್ನು ನಂಬಿಬಿಟ್ಟ. ಇನ್ನೊಂದು ಸಲ ಕರೆದಿದ್ದರೆ ಹೋಗುತ್ತಿದ್ದೆ. ಹತ್ತು ಹೆಜ್ಜೆ ಹೋದಮೇಲಾದರೂ ತಿರುಗಿ ನೋಡುತ್ತಾನೇನೋ ಎಂದು ಬಾಗಿಲಲ್ಲೇ ನಿಂತಿದ್ದೆ. ಅವನು ಕೇಬಲ್ ದಾಟಿಸಲು ತಾಯಿಯ ಕಾಲು ನೋಡುತ್ತ ಹೋದ.

ಆ ಮಧ್ಯಾಹ್ನ ನಾನೊಬ್ಬಳೇ ಹಿತ್ತಲಲ್ಲಿ ಕೂತಿದ್ದೆ. ಗೋಡೆಯಾಚೆ ವಾದ್ಯದ ಕ್ಯಾಸೆಟ್ ಹಾಕಿದರು. ಅದೇ ಜಗುಲಿಯಲ್ಲಿ ನನ್ನನ್ನು ಅಕ್ಕಿ ಸೇರು ಒದೆಸಿ ಒಳಗೆ ತುಂಬಿಸಿಕೊಂಡಿದ್ದರು. ಆಗ ಇಂಥ ಲೈಟಿರಲಿಲ್ಲ, ಒಂದು ಪೆಟ್ರೋಮ್ಯಾಕ್ಸ್ ಇತ್ತು. ಅದೂ ನಡುವೆ ಆರಿಹೋಗಿ ಯಾರೋ ಪಂಪ್ ಹೊಡೆದಿದ್ದರು. ಈಗ ಬೆಂಗಳೂರಿನ ಹುಡುಗಿಯೊಬ್ಬಳು ಸುಳ್ಳು ಮದುವೆಗೆ ಅಲ್ಲಿ ನಿಂತಿದ್ದಾಳೆ, ನನ್ನ ಗಂಡನ ದೀಪ, ನನ್ನ ಸೀರೆ, ನನ್ನ ಮಗಳು, ನನ್ನ ಅತ್ತೆ ಎಲ್ಲ ಅಲ್ಲಿದೆ. ನಾನು ಸದ್ದು ಮಾಡದೆ ಹಲಸಿನ ಬೇಳೆಯ ಸಿಪ್ಪೆ ತೆಗೆಯುತ್ತಿದ್ದೆ. ಹೊಟ್ಟೆಯಲ್ಲಿ ಹಸಿ ಸೌದೆ ಹೊಗೆಯಾಡುವ ಹಾಗೆ ಆಗುತ್ತಿತ್ತು. ಪೂರ್ತಿ ಉರಿಯುವುದೂ ಇಲ್ಲ, ಆರುವುದೂ ಇಲ್ಲ.

ಸಂಜೆ ಅತ್ತೆ ಮುಖಕ್ಕೆ ಪೌಡರ್ ಮೆತ್ತಿಸಿಕೊಂಡು ಬಂದರು. "ನಾನು ಸುಮ್ನೆ ಕೂತಿದ್ದು ಮಾರಾಯ್ತಿ. ಆಕ್ಟಿಂಗ್ ಚೆನ್ನಾಗಿತ್ತು ಅಂದ್ರು," ಎಂದರು. ಆ ರಾತ್ರಿ ಮುಖ ತೊಳೆಯದೆ ಮಲಗಿದರು.

ಎರಡು ದಿನ ಬಿಟ್ಟು ಮ್ಯಾನೇಜರ್ ನಮ್ಮ ಬಾಗಿಲಿಗೆ ಬಂದ. ಈ ಸಲ ಕ್ಯಾಮೆರಾ ಇರಲಿಲ್ಲ, ಮುಖದಲ್ಲಿ ಬೇಕಾದಷ್ಟು ವಿನಯವಿತ್ತು. ಮಳೆ ಸೀನು ತೆಗೆಯಬೇಕಂತೆ. ಮನೆ ಬಿಟ್ಟುಹೋಗಿದ್ದ ನಾಯಕಿಯ ಅಣ್ಣ ಮಳೆಯಲ್ಲಿ ನೆನೆಯುತ್ತ ಜಗುಲಿಯ ಮುಂದೆ ಬಂದು ನಿಲ್ಲಬೇಕು.

"ಮಳೆಗಾಲದಲ್ಲಿ ಬಂದಿದ್ರೆ ಪುಕ್ಕಟೆ ಸಿಕ್ತಿತ್ತಲ್ಲ," ಎಂದೆ.

ಅವನು ನಕ್ಕ. "ನಿಮ್ಮ ಬಾವಿಯಿಂದ ಸ್ವಲ್ಪ ನೀರು ಪಂಪ್ ಮಾಡ್ಕೋಬಹುದಾಮ್ಮಾ? ನಿಮ್ಮ ತಂಗಿ ಹೇಳಿದ್ರು, ಅಕ್ಕನ್ನ ಕೇಳಿ, ಅವ್ರದ್ದು ಬಾವಿ ಅಂತ."

ಬಾವಿಯ ತಳದ ಕಲ್ಲು ಕಾಣತೊಡಗಿತ್ತು. ಮಳೆಗೆ ಇನ್ನೂ ಒಂದೂವರೆ ತಿಂಗಳಾದರೂ ಇತ್ತು. ಕೊಡದೇ ಇರಲು ಅದೇ ಸಾಕಾದ ಕಾರಣ. ಆದರೆ ಬಾವಿ ತುಂಬಿ ತುಳುಕುತ್ತಿದ್ದರೂ ಆ ದಿನ ನಾನು ಕೊಡುತ್ತಿರಲಿಲ್ಲ. ಕೊನೆಗೂ ನನ್ನಲ್ಲಿದ್ದದ್ದು ಅವರಿಗೆ ಬೇಕಾಗಿತ್ತು. "ಇಲ್ಲ," ಎಂದು ಹೇಳಿ, ಆ ಮಾತಿನ ರುಚಿ ನಾಲಿಗೆಯಲ್ಲಿ ಬಹಳ ಹೊತ್ತು ಇಟ್ಟುಕೊಂಡೆ.

ಯಜಮಾನರಿಗೆ ಬೇಸರವಾಯಿತು. "ಒಂದು ಡ್ರಮ್ಮಾದ್ರೂ ಕೊಡಬಹುದಿತ್ತು."

"ನಿಮ್ಮ ಅಂಗಡಿ ಚೊಂಬಲ್ಲಿ ತುಂಬಿಸಿ ಕೊಡಿ," ಎಂದೆ.

ಸೀರಿಯಲ್‌ನವರು ಟ್ಯಾಂಕರ್ ತರಿಸಿದರು. ನಮ್ಮ ಊರಿನಲ್ಲಿ ಏಪ್ರಿಲ್ ತಿಂಗಳ ನೆತ್ತಿ ಸುಡುವ ಬಿಸಿಲಿಗೆ ಟ್ಯಾಂಕರಿನಲ್ಲಿ ಮಳೆ ಬಂತು. ಅಂಗಳದ ಎರಡು ಬದಿಗೆ ಎತ್ತರದ ಕಂಬ ನಿಲ್ಲಿಸಿ, ತೂತು ಮಾಡಿದ ಪೈಪು ಕಟ್ಟಿದ್ದರು. ಇದೆಲ್ಲ ಮಗಳ ವರದಿ. ನಾನು ನನ್ನ ಪಾಡಿಗೆ ಬೆಳಿಗ್ಗೆ ಬೇಗ, ಶೂಟಿಂಗ್ ಶುರುವಾಗುವ ಮೊದಲೇ ಕುಟ್ಟಿ ಮುಗಿಸಿ, ಒತ್ತಿ, ಬಚ್ಚಲ ತಾರಸಿಯ ಮೇಲೆ ಚಾಪೆಗಳಲ್ಲಿ ಹಪ್ಪಳ ಹರವಿದ್ದೆ. ಅಷ್ಟು ಒಳ್ಳೆಯ ಹಪ್ಪಳ ಆ ವರ್ಷ ಬಂದಿರಲಿಲ್ಲ. ಶೃಂಗೇರಿಯ ಅಂಗಡಿಯವರು ಎರಡು ಸಲ ಫೋನ್ ಮಾಡಿದ್ದರು.

ಊಟ ಮುಗಿಸಿ ತಟ್ಟೆ ತೊಳೆಯುತ್ತಿದ್ದಾಗ ಪಟಪಟ ಸದ್ದು ಕೇಳಿತು. ಓಡಿ ಹೊರಗೆ ಬಂದೆ. ಮಧ್ಯಾಹ್ನದ ಗಾಳಿ ಎದ್ದಿತ್ತು. ಮುಂದಿನ ಅಂಗಳದ ಮಳೆ ಹೆಂಚಿನ ಮಾಡು ದಾಟಿ ನಮ್ಮ ಕಡೆಗೆ ಬರುತ್ತಿತ್ತು. ಸೂರ್ಯ ಕಣ್ಣು ಕುಕ್ಕುತ್ತಿದ್ದಾನೆ, ಆಕಾಶದಲ್ಲಿ ಒಂದು ಮೋಡವಿಲ್ಲ, ನನ್ನ ತಾರಸಿಯ ಮೇಲೆ ಮಾತ್ರ ಜಡಿಮಳೆ. ಏಣಿ ಹತ್ತಿ ನೋಡುವಷ್ಟರಲ್ಲಿ ಅರ್ಧ ಒಣಗಿದ ಹಪ್ಪಳಗಳು ನೆನೆದು, ಅಂಚು ಸುರುಟಿ, ಒಂದಕ್ಕೊಂದು ಅಂಟಿಕೊಂಡಿದ್ದವು.

ಮುಂದೆ ನಾನು ಯೋಚನೆ ಮಾಡಿ ಏನನ್ನೂ ಮಾಡಲಿಲ್ಲ. ಒಂದು ಚಾಪೆಯನ್ನು ಹಪ್ಪಳದ ಸಮೇತ ಸುರುಳಿ ಸುತ್ತಿ ಕಂಕುಳಲ್ಲಿ ಹಿಡಿದು ಇಳಿದೆ. ಆ ಕಡೆಯಿಂದ "ಸೈಲೆನ್ಸ್!" ಎಂದು ಕೂಗಿದ್ದು ಕೇಳಿಸಿತು. ಓಣಿ ಸುತ್ತುವ ತಾಳ್ಮೆ ಇರಲಿಲ್ಲ. ನಡುವಿನ ಬಾಗಿಲ ಚಿಲಕ ಎಳೆದು ಜೋರಾಗಿ ದಬ್ಬಿದೆ. ಬಾಗಿಲು ಅರ್ಧ ತೆರೆದು ಯಾವುದಕ್ಕೋ ತಾಗಿ ನಿಂತಿತು. "ಅಯ್ಯಮ್ಮ!" ಎಂಬ ಸಣ್ಣ ಕೂಗು. ಇಣುಕಿದೆ. ಓರಗಿತ್ತಿ ಬಾಗಿಲಿಗೆ ಒರಗಿ ನೆಲದ ಮೇಲೆ ಕೂತಿದ್ದಳು. ನಾನು ದಬ್ಬಿದ ರಭಸಕ್ಕೆ ಮುಂದಕ್ಕೆ ಮುಗ್ಗರಿಸಿದ್ದಳು.

"ಕಟ್! ಕಟ್! ಯಾರ್ರೀ ಅದು?" ಎಂದು ಜಗುಲಿಯಿಂದ ಯಾರೋ ಕಿರುಚಿದರು.

ನಾನು ಬಾಯಿಗೆ ಬಂದದ್ದೆಲ್ಲ ಹೇಳಬೇಕೆಂದು ಹೊರಟವಳು. ಓರಗಿತ್ತಿಯ ಮುಖ ನೋಡಿದೆ. ಗಂಜಿ ಹಾಕಿದ ಸೀರೆಯೇನೋ ಇತ್ತು. ಆದರೆ ಕಣ್ಣು ಒಳಗೆ ಹೋಗಿತ್ತು, ತುಟಿ ಒಣಗಿತ್ತು. ಅವಳ ಅಡುಗೆ ಮೂಲೆಯಲ್ಲಿ ಲೈಟಿನ ಸ್ಟ್ಯಾಂಡುಗಳು ತುಂಬಿದ್ದವು, ಗ್ಯಾಸ್ ಒಲೆಯ ಮೇಲೆ ಯಾರದೋ ಹೆಲ್ಮೆಟ್ಟು ಕೂತಿತ್ತು. ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕ್ಯಾಮೆರಾಕ್ಕೆ ಕಾಣದ ಜಾಗ ಅಂದರೆ ಆ ಬಾಗಿಲ ಮೂಲೆಯೊಂದೇ ಎಂದು ಆಮೇಲೆ ತಿಳಿಯಿತು.

ಅವಳು ನನ್ನ ಕಂಕುಳಲ್ಲಿದ್ದ ಚಾಪೆ ನೋಡಲೇ ಇಲ್ಲ. ಎದ್ದು ನನ್ನ ಕೈಹಿಡಿದು ಪಿಸುಗುಟ್ಟಿದಳು.

"ಅಕ್ಕ, ನಿಮ್ಮ ಬಚ್ಚಲಿಗೆ ಬರ್ಲಾ?"

"ಎಂತ?"

"ಬೆಳಿಗ್ಗೆಯಿಂದ ತಡ್ಕೊಂಡಿದೀನಿ. ನಮ್ಮದ್ರಲ್ಲಿ ನೀರಿಲ್ಲ. ಅಷ್ಟು ಜನ ಹೋಗಿ ಹೋಗಿ, ಒಳಗೆ ಕಾಲಿಡೋ ಹಾಗೇ ಇಲ್ಲ ಅಕ್ಕ. ಎದುರುಮನೆಗೆ ದಿನಾ ಹೋಗೋಕೆ ನಾಚಿಕೆ. ಈ ಬಾಗ್ಲು ಎರಡು ಸಲ ತಟ್ಟಿದೆ. ನಿಮಗೆ ಕೇಳ್ಸಿಲ್ಲ ಕಾಣ್ತದೆ."

ನನಗೆ ಕೇಳಿಸಿತ್ತು. ಶೂಟಿಂಗಿನ ಸದ್ದು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಅವಳನ್ನು ಒಳಗೆ ಎಳೆದುಕೊಂಡು, ಜಗುಲಿಯಿಂದ ಬರುತ್ತಿದ್ದ ಡೈರೆಕ್ಟರನ ಮುಖಕ್ಕೆ ಬಾಗಿಲು ಹಾಕಿದೆ.

ಅವಳು ಬಚ್ಚಲಿಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ಹಂಡೆಯಲ್ಲಿ ಬಿಸಿನೀರಿತ್ತು, ಸ್ನಾನವನ್ನೂ ಮಾಡಿದಳು. ನನ್ನದೇ ಒಂದು ಹಳೆ ನೈಟಿ ಕೊಟ್ಟೆ. ಅದನ್ನು ಹಾಕಿಕೊಂಡು, ಒದ್ದೆ ತಲೆಗೆ ಬೈರಾಸು ಸುತ್ತಿ, ಅಡುಗೆಮನೆಯ ನೆಲದ ಮೇಲೆ ಕೂತಳು. ಅನ್ನ, ಸಾರು ಹಾಕಿಕೊಟ್ಟೆ. ತಿನ್ನುವ ರೀತಿ ನೋಡಿದರೆ ಬಿಸಿ ಅನ್ನ ಕಂಡು ಎಷ್ಟೋ ದಿನವಾದ ಹಾಗಿತ್ತು.

"ನಿನ್ನ ಮನೆಯಲ್ಲೇ ಅಷ್ಟು ಜನಕ್ಕೆ ಅಡುಗೆ ಆಗ್ತದಲ್ಲೇ," ಎಂದೆ.

"ಅದು ಹೊರಗಿಂದ ಬರೋದು ಅಕ್ಕ. ನಮಗೂ ಕೊಡ್ತಾರೆ, ಪೊಟ್ಟಣದಲ್ಲಿ. ತಣ್ಣಗೆ." ಅವಳು ತಟ್ಟೆಯಲ್ಲಿ ಗೀರು ಎಳೆಯುತ್ತ ಹೇಳತೊಡಗಿದಳು. ದೇವರ ಮೂಲೆಯ ದೀಪ ಬೆಳಕಿಗೆ ಅಡ್ಡ ಎಂದು ಎತ್ತಿಟ್ಟಿದ್ದಾರೆ. ಮಾವನ ಕಾಲದ ಕಂಬಕ್ಕೆ ಕೇಳದೆ ಮೊಳೆ ಹೊಡೆದಿದ್ದಾರೆ. ಮುಂಬಾಗಿಲಿಗೆ ಹಸಿರು ಬಣ್ಣ ಬಳಿದಿದ್ದಾರೆ. ಉಪ್ಪರಿಗೆಯಲ್ಲಿ ಮಲಗಿದರೆ ಬೆಳಗಾಗುವ ಮೊದಲೇ ಬಂದು ಎಬ್ಬಿಸುತ್ತಾರೆ. ಗಂಡನಿಗೆ ಹೇಳಿದರೆ, ಸುಮ್ಮನಿರು, ಡೈರೆಕ್ಟರಿಗೆ ಬೇಜಾರಾಗ್ತದೆ ಎನ್ನುತ್ತಾನೆ.

ಅವಳ ಒಂದೊಂದು ಕಷ್ಟಕ್ಕೂ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು. ಮೊಳೆಯ ವಿಷಯವನ್ನು ಎರಡನೆಯ ಸಲ ಹೇಳಿಸಿಕೊಂಡೆ. ಪಾಪ ಎನ್ನುವ ಮಾತೂ ಬಾಯಲ್ಲಿತ್ತು, ಅದೂ ಸುಳ್ಳಲ್ಲ. ಎರಡೂ ಒಟ್ಟಿಗೇ ಇದ್ದವು.

ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟವಳು ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ನಿದ್ದೆ ಬಂತು ಅಂದುಕೊಂಡೆ. ಅಷ್ಟರಲ್ಲಿ, "ಆದ್ರೂ ಅಕ್ಕ," ಎಂದಳು. "ಮದುವೆ ಸೀನಿಗೆ ಆ ಲೈಟೆಲ್ಲ ಹಾಕಿದ್ರಲ್ಲ, ಆಗ ನಮ್ಮ ಜಗುಲಿ ಹೆಂಗೆ ಕಾಣ್ತಿತ್ತು ಗೊತ್ತಾ? ನಾನು ದಿನಾ ಗುಡಿಸೋ ಜಾಗ ಅಂತ ನಂಗೇ ಗುರ್ತ ಸಿಗ್ಲಿಲ್ಲ. ನೀವು ನೋಡ್ಬೇಕಿತ್ತು."

ತಣ್ಣಗಾಗಿದ್ದದ್ದು ಮತ್ತೆ ಹೊಗೆಯಾಡಿತು.

"ನನ್ನನ್ಯಾಕೆ ಕರೀಲಿಲ್ಲ ನೀನು?" ಎಂದು ಕೇಳಿಯೇಬಿಟ್ಟೆ.

ಅವಳಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ನಿಮ್ಮನ್ನಾ? ನಿಮಗೆ ಇಂಥದ್ದೆಲ್ಲ ಎಲ್ಲಿ ಆಸೆ ಇದೆ? ಎಷ್ಟು ದಿನದಿಂದ ಇಷ್ಟು ಗದ್ದಲ ಇದ್ರೂ ಒಂದಿನ ಇಣುಕಿ ನೋಡ್ಲಿಲ್ಲ ನೀವು. ಎಲ್ಲರ ಹತ್ರ ಹೇಳ್ತಿದ್ದೆ, ನಮ್ಮಕ್ಕ ತಮ್ಮ ಕೆಲ್ಸ ಆಯ್ತು ತಾವಾಯ್ತು ಅಂತ. ಉಪ್ಪಿನಕಾಯಿ ನಿಮ್ಮದು ಅಂತಾನೂ ಹೇಳ್ದೆ ಹೀರೋಯಿನ್ನಿಗೆ. ಅವ್ರಿಗೆ ಅದೆಲ್ಲ ತಲೆಗೆ ಹೋಗಲ್ಲ, ನನ್ನನ್ನೇ ಆಂಟಿ ಆಂಟಿ ಅಂತಾರೆ."

ನಾನು ಎದ್ದು ಪಾತ್ರೆ ತೆಗೆದೆ. ಅವಳ ತಪ್ಪು ತಿಳಿವಳಿಕೆಯನ್ನು ತಿದ್ದುವ ಮನಸ್ಸಾಗಲಿಲ್ಲ. ಆಸೆಯಿಲ್ಲದವಳು ಎಂದು ಒಬ್ಬರಾದರೂ ನಂಬಿದ್ದರಲ್ಲ, ಅದು ಹಾಗೇ ಇರಲಿ ಎನ್ನಿಸಿತು.

ಅವಳು ಅಲ್ಲೇ ನೆಲದ ಮೇಲೆ ಸೆಕೆಯನ್ನೂ ಲೆಕ್ಕಿಸದೆ ಸಂಜೆವರೆಗೆ ಮಲಗಿದಳು. ಮ್ಯಾನೇಜರ್ ಓಣಿಯ ಬಾಗಿಲಿಗೆ ಬಂದು ಹಪ್ಪಳದ ವಿಷಯಕ್ಕೆ ಕ್ಷಮೆ ಕೇಳಿದ. ನಾನು ಬೆರಳು ತುಟಿಯ ಮೇಲಿಟ್ಟು, "ಸೈಲೆನ್ಸ್! ಒಳಗೆ ಮಲಗಿದಾಳೆ," ಎಂದೆ. ಅವನು ಚಪ್ಪಲಿಯ ಸದ್ದೂ ಮಾಡದೆ ಹೋದ. ಆ ಬೇಸಿಗೆಯಲ್ಲಿ ನನಗೆ ಸಿಕ್ಕ ದೊಡ್ಡ ಸಂತೋಷ ಅದು.

ಮಾರನೆಯ ದಿನ ಮೈದುನ ಶೃಂಗೇರಿಯ ಕೆಲಸದಿಂದ ಬರುವಾಗ ಹರಿಹರಪುರದಲ್ಲಿ ಇಳಿದು, ಗೊತ್ತಿದ್ದವರ ತೋಟದಿಂದ ಹಲಸಿನಕಾಯಿ ಕೊಯ್ಯಿಸಿಕೊಂಡು ಜೀಪಿನಲ್ಲಿ ತಂದು ಹಿತ್ತಲಿಗೆ ಇಳಿಸಿದ. ಶೂಟಿಂಗ್ ಮುಗಿಯುವವರೆಗೂ ಓರಗಿತ್ತಿ ಬೆಳಿಗ್ಗೆ ಸ್ನಾನಕ್ಕೆ ನಮ್ಮಲ್ಲಿಗೆ ಬಂದು, ಮಧ್ಯಾಹ್ನದವರೆಗೆ ನನ್ನ ಜೊತೆ ಹಪ್ಪಳ ಒತ್ತುತ್ತಿದ್ದಳು. ಖಾರ ತಾಗದ ಹಾಗೆ ಕೈಗೆ ಪ್ಲಾಸ್ಟಿಕ್ ಕಟ್ಟಿಕೊಳ್ಳುತ್ತಿದ್ದಳು. ಅವಳು ಒತ್ತಿದ್ದು ಸ್ವಲ್ಪ ದಪ್ಪವೇ. ನಾನು ಹೇಳಲಿಲ್ಲ.

ಸೀರಿಯಲ್ ಶುರುವಾದಾಗ ನಮ್ಮ ಊರಿನಲ್ಲಿ ಮಳೆ ಹಿಡಿದಿತ್ತು. ಕರೆಂಟು ಇದ್ದ ದಿನ ಎಲ್ಲರೂ ಓರಗಿತ್ತಿಯ ಪಡಸಾಲೆಯಲ್ಲಿ ಕೂತು ನೋಡುತ್ತಿದ್ದೆವು. ಮದುವೆಯ ಕಂತು ಬಂದ ದಿನ ನಿಲ್ಲಲೂ ಜಾಗವಿರಲಿಲ್ಲ. ಅತ್ತೆ ಚೆನ್ನಾಗಿ ಕಂಡರು. ಒಮ್ಮೆ ಆಕಳಿಸಿದ್ದೂ ಕಂಡಿತು. ಮಗಳ ಜಡೆ ಮತ್ತು ನನ್ನ ಸೀರೆಯ ಸೆರಗು ಬಂತು. ಓರಗಿತ್ತಿ ಆರತಿ ತಟ್ಟೆ ಹಿಡಿದು ನಾಯಕಿಯ ಪಕ್ಕದಲ್ಲಿ ನಿಂತು, ಒಂದು ಗಳಿಗೆ ಪೂರ್ತಿ ಟಿವಿ ತುಂಬ ನಕ್ಕಳು. ಪಡಸಾಲೆಯವರೆಲ್ಲ ಹೋ ಎಂದರು. ನಾನೂ ಎಂದೆ. ಹೇಳಬೇಕೆಂದರೆ ಅವಳು ಬಹಳ ಚೆಂದ ಕಾಣುತ್ತಿದ್ದಳು. ಅದೇ ನನಗೆ ಸಹಿಸಲಾಗದ್ದು.

ದೀಪಾವಳಿ ಕಳೆದ ಮೇಲೆ ಮತ್ತೆ ಬರುತ್ತೇವೆ, ಅಲ್ಲಿವರೆಗೆ ಏನನ್ನೂ ಬದಲಾಯಿಸಬೇಡಿ ಎಂದು ಅವರು ಹೇಳಿ ಹೋಗಿದ್ದರು. ಓರಗಿತ್ತಿ ಅದನ್ನು ನಂಬಿ ಹಸಿರು ಬಾಗಿಲನ್ನು ಹಾಗೇ ಬಿಟ್ಟಳು, ಕಂಬಕ್ಕೆ ಎಣ್ಣೆ ಹಚ್ಚಿ ಹಚ್ಚಿ ಹೊಳೆಯಿಸಿದಳು. ಅಷ್ಟು ಕಷ್ಟಪಟ್ಟಿದ್ದು ಮರೆತೇಹೋಗಿತ್ತು. ದೀಪಾವಳಿ ಹೋಯಿತು, ಸಂಕ್ರಾಂತಿಯೂ ಹೋಯಿತು. ಕಥೆಯಲ್ಲಿ ನಾಯಕಿ ಗಂಡನ ಜೊತೆ ಬೆಂಗಳೂರು ಸೇರಿದಳು, ತವರುಮನೆ ಯಾರಿಗೂ ಬೇಕಾಗಲಿಲ್ಲ. ಮೈದುನ ಫೋನ್ ಮಾಡಿದರೆ ಮ್ಯಾನೇಜರ್ ಎತ್ತುತ್ತಿರಲಿಲ್ಲ. ಒಂದು ಸಂಜೆ ಅವಳು ಸೀರಿಯಲ್ ನಡುವೆಯೇ ಟಿವಿ ಆರಿಸಿ, "ಇನ್ನು ಬರಲ್ಲ ಅಲ್ವಾ ಅಕ್ಕ?" ಎಂದು ಕೇಳಿದಳು. ಆ ಪ್ರಶ್ನೆಗಾಗಿ ನಾನು ತಿಂಗಳುಗಟ್ಟಲೆ ಕಾದಿದ್ದೆ ಎಂದರೂ ತಪ್ಪಲ್ಲ. ಆದರೆ ಕೇಳಿದಾಗ ನನ್ನ ಬಾಯಿಂದ ಬಂದದ್ದು, "ಬಂದ್ರೂ ಬರಬಹುದು, ಹೇಳಕ್ಕಾಗಲ್ಲ," ಎಂಬ ಮಾತು.

ಮರುವರ್ಷ ಮಾರ್ಚ್ ತಿಂಗಳಲ್ಲಿ ಒಂದು ವ್ಯಾನ್ ನಮ್ಮ ರಸ್ತೆಗೆ ಬಂತು. ನಾನು ಓರಗಿತ್ತಿಯ ಉಪ್ಪರಿಗೆಯಲ್ಲಿ ಅವಳ ಜೊತೆ ಹಳೆ ಹಾಸಿಗೆಯ ಹತ್ತಿ ಬಿಡಿಸುತ್ತಿದ್ದೆ. ಇಬ್ಬರೂ ಎದ್ದು ಕಿಟಕಿಗೆ ಹೋದೆವು. ಕ್ಯಾಮೆರಾದವರು ಇಳಿದರು. ನಮ್ಮ ಜಗುಲಿಯ ಕಡೆ ತಲೆ ಎತ್ತಿಯೂ ನೋಡದೆ ಎದುರುಮನೆಯ ಹೊಸ ಗೇಟು ತೆಗೆದು ಒಳಗೆ ಹೋದರು. ಯಾವುದೋ ಜಾಹೀರಾತಂತೆ, ಒಂದೇ ದಿನದ ಕೆಲಸವಂತೆ. ಎದುರುಮನೆಯವರು ಆಗಲೇ ಸೀರೆ ಬದಲಾಯಿಸಿ ಬಂದು ಗೇಟಿನ ಹತ್ತಿರ ನಿಂತಿದ್ದರು.

"ಆ ಸಿಮೆಂಟ್ ಮನೆಯಲ್ಲಿ ಎಂತ ಇದೆ ಅಂತ ತೆಗೀತಾರೆ ಅಕ್ಕ?" ಎಂದಳು ಓರಗಿತ್ತಿ. ಅವಳ ಧ್ವನಿ ಒರಟಾಗಿತ್ತು.

"ಸುಣ್ಣ ಬಳಿದ ಗೋಡೆ ಇದೆ," ಎಂದೆ.

"ಅವ್ರ ಸೀರೆ ನೋಡಿ. ಮದುವೆಗೆ ಹೊರಟ ಹಾಗೆ."

"ಕಷ್ಟ ಅವ್ರಿಗೇನು ಗೊತ್ತು? ಗೊತ್ತಾಗ್ಲಿ."

ನಾವಿಬ್ಬರೂ ಕಿಟಕಿಯ ಸರಳು ಹಿಡಿದು ಬಹಳ ಹೊತ್ತು ಅಲ್ಲೇ ನಿಂತೆವು. ಕೆಳಗೆ ಅತ್ತೆ ಕಾಫಿಗೆ ಕರೆಯುತ್ತಿದ್ದರು. ನಾವು ಇನ್ನೂ ಆ ಗೇಟನ್ನೇ ನೋಡುತ್ತಿದ್ದೆವು.